ಸೊಂಟ ಹಿಡಿದಾಗ ಗರಡಿ, ಕೈರೋಪ್ರಾಕ್ಟಿಕ್, ಫಿಜಿಯೋ: ಮೂರೂ ಮಾಡಿಸಿ ನೋಡಿದೆ

ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಗಂಗಾವತಿಯಲ್ಲಿ ಅದಕ್ಕೆ ತಯಾರಾಗುತ್ತಿದ್ದ ನಾನು 6:50ಕ್ಕೆ ಬಂದಿದ್ದೆ. ಅಷ್ಟರಲ್ಲಿ ಬಲಗಡೆ ಸೊಂಟ ಹಿಡಿಯಿತು. ಭಾನುವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತುವುದು ನಮ್ಮ ಗುಂಪಿನ ರೂಢಿ. ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಚಳಕ್ ಅನ್ನುತ್ತಿತ್ತು.

ಮೊದಲು ಹೋಗಿದ್ದು ಗರಡಿ ಮನೆಗೆ. ಹಳೆ ಪೈಲ್ವಾನರೊಬ್ಬರು, ನಾವೆಲ್ಲ ಕಾಕಾ ಅನ್ನುತ್ತೇವೆ, ಬಿಸಿ ಎಳ್ಳೆಣ್ಣೆ ಹಚ್ಚಿ ಅರ್ಧ ಗಂಟೆ ತಿಕ್ಕಿದರು. "ಎರಡು ದಿನ ಓಡಬ್ಯಾಡಪ" ಅಂದರು. ದುಡ್ಡು ಮುಟ್ಟಲಿಲ್ಲ. ಬಿಗಿ ಸಡಿಲಾಯಿತು, ಒಳ್ಳೆ ನಿದ್ದೆ ಬಂತು. ಮತ್ತೆ ಓಡಿದೆ, ನೋವು ಮತ್ತೆ ಬಂತು. ದಣಿದ ಮೈಗೆ ಇದು ಇವತ್ತಿಗೂ ನನಗೆ ಇಷ್ಟ.

ಆಮೇಲೆ ಕೈರೋಪ್ರಾಕ್ಟಿಕ್. ಬೆನ್ನು ತಿರುಚಿದ ಕೂಡಲೇ ಲಟಲಟ ಅನ್ನುವ ಆ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಹುಬ್ಬಳ್ಳಿಯಲ್ಲಿ ಒಂದು ಕಡೆ ಹೋದೆ. ಒಂದು ಸಲಕ್ಕೆ 1200 ರೂಪಾಯಿ. ಮಗ್ಗುಲಿಗೆ ಮಲಗಿಸಿದರು. ಮೇಲಿನ ಮೊಣಕಾಲು ಮಡಿಚಿ, ಭುಜ ಹಿಂದಕ್ಕೆ ಒತ್ತಿ ಹಿಡಿದು, ಸೊಂಟಕ್ಕೆ ಒಂದೇ ಏಟಿಗೆ ಜೋರಾಗಿ ಒತ್ತಿದರು. ಲಟಕ್! ಎದ್ದು ಬಗ್ಗಿದರೆ ಬೆರಳು ನೆಲ ಮುಟ್ಟಿತು. ಮೂರು ವಾರದಿಂದ ಮೊಣಕಾಲು ದಾಟದ ಕೈ ಅದು. ಕಣ್ಣಲ್ಲಿ ನೀರು ಬಂತು.

"ಜಾರಿದ ಎಲುಬು ಜಾಗಕ್ಕೆ ಕೂತಿದೆ, ಇನ್ನು ಸ್ಪೀಡ್ ಜಾಸ್ತಿಯಾಗುತ್ತದೆ" ಎಂದರು. ಆ ಮಾತು ಮಾತ್ರ ಸರಿಯಲ್ಲ. ಆ ಸದ್ದು ಬೆರಳಿನ ನೆಟಿಗೆಯಂಥದ್ದೇ. ಕೀಲು ಎಳೆದಾಗ ಒಳಗಿನ ದ್ರವದಲ್ಲಿ ಒತ್ತಡ ಇಳಿದು ಗುಳ್ಳೆಯಂಥ ಜಾಗ ಏಳುತ್ತದೆ. 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ನೆಟಿಗೆಯನ್ನು ಎಂಆರ್‌ಐ ಯಂತ್ರದೊಳಗೇ ತೆಗೆಸಿ ಇದನ್ನು ಕಂಡರು. ಮರುದಿನ 6:47ಕ್ಕೆ ಓಡಿದೆ. ನಾಲ್ಕನೇ ದಿನ ನೋವು ವಾಪಸ್. ಹತ್ತು ಸಲದ ಪ್ಯಾಕೇಜ್ ತಗೊಳ್ಳಿ ಎಂದರು, ನಾನು ಮೂರಕ್ಕೆ ನಿಲ್ಲಿಸಿದೆ. ಸೊಂಟ ನೋವಿರುವ ಕೆಲವರಿಗೆ ಇದರಿಂದ ಸ್ವಲ್ಪ ಆರಾಮ ಸಿಗುವುದು ನಿಜ. ಓಟ ಚುರುಕಾಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಕುತ್ತಿಗೆಯನ್ನಂತೂ ಯಾರ ಕೈಗೂ ತಿರುಚಲು ಕೊಡಬೇಡಿ. ಅಪರೂಪಕ್ಕಾದರೂ ಅಲ್ಲಿನ ರಕ್ತನಾಳ ಸೀಳಿ ಪಾರ್ಶ್ವವಾಯು ಹೊಡೆದಿದ್ದುಂಟು.

ಕೊನೆಗೆ ಕೊಪ್ಪಳದಲ್ಲಿ ಒಬ್ಬ ಫಿಜಿಯೋಥೆರಪಿ ಮೇಡಂ ಹತ್ತಿರ ಹೋದೆ. ಮೊದಲ ದಿನ ಅವರು ನೋವಿದ್ದ ಜಾಗ ಮುಟ್ಟಲೇ ಇಲ್ಲ. ಕನ್ನಡಿ ಮುಂದೆ ಬಲಗಾಲ ಮೇಲೆ ನಿಲ್ಲಿಸಿ, "ಕುರ್ಚಿ ಮ್ಯಾಲೆ ಕುಂದ್ರೋರಂಗ ಸ್ವಲ್ಪ ಬಗ್ಗ್ರಿ" ಅಂದರು. ಬಗ್ಗಿದೆ. ಸೊಂಟದ ಎಡಭಾಗ ಕೆಳಗೆ ಜೋತುಬಿತ್ತು, ಬಲ ಮಂಡಿ ಒಳಗೆ ವಾಲಿತು. ಕನ್ನಡಿಯಲ್ಲಿ ನನಗೇ ಕಂಡಿತು. ಬಲಗಡೆ ಪಿರ್ರೆಯ ಸ್ನಾಯುವಿಗೆ ಶಕ್ತಿ ಇಲ್ಲ, ಅದರ ಭಾರವನ್ನೂ ಸೊಂಟವೇ ಹೊರುತ್ತಿದೆ ಎಂದರು. ಮೆಟ್ಟಿಲು ಇಳಿಯುವಾಗ ಮೈಯೆಲ್ಲ ಒಂದೇ ಕಾಲ ಮೇಲೆ ಬೀಳುತ್ತದಲ್ಲ, ಚಳಕ್ ಅನ್ನುತ್ತಿದ್ದುದು ಅದಕ್ಕೇ.

ಅಂಗಾತ ಮಲಗಿ ಸೊಂಟ ಎತ್ತುವುದು, ಮಗ್ಗುಲಾಗಿ ಮಲಗಿ ಕಾಲು ಎತ್ತುವುದು, ಒಂಟಿ ಕಾಲಲ್ಲಿ ಬಗ್ಗುವುದು. ದಿನಾ ಇಪ್ಪತ್ತು ನಿಮಿಷ. ಓಟ ಅರ್ಧಕ್ಕಿಳಿಸಿದರು. ಮೂರನೇ ವಾರದವರೆಗೂ ಏನೂ ಬದಲಾಗಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ಆರನೇ ವಾರಕ್ಕೆ ಅಂಜನಾದ್ರಿಯಿಂದ ನೋವಿಲ್ಲದೆ ಇಳಿದೆ. ಹನ್ನೆರಡನೇ ವಾರ 6:21. ಒಂದು ಸಲಕ್ಕೆ 300 ರೂಪಾಯಿಯಂತೆ ಐದು ಸಲ ಹೋಗಿದ್ದು, ಅಷ್ಟೇ ಖರ್ಚು.

ನೋವು ಕಾಲಿಗಿಳಿದು ಜೋಮು ಹಿಡಿದರೆ ಮಾತ್ರ ಈ ಮೂರೂ ಬೇಡ, ಮೊದಲು ಎಲುಬಿನ ಡಾಕ್ಟರಿಗೆ ತೋರಿಸಿ. ಉಳಿದಂತೆ, ಗ್ರೌಂಡಿಗೆ ಬರುವ ಹುಡುಗರು ಸೊಂಟ ಹಿಡೀತು ಅಂದರೆ ನಾನೀಗ ಅವರನ್ನು ಮೊದಲು ಒಂಟಿ ಕಾಲಲ್ಲಿ ಬಗ್ಗಿಸಿ ನೋಡುತ್ತೇನೆ.