ಮೂರು ವರ್ಷ ಕ್ಯಾವಿಯಟ್ ಫಾಂಟ್ ಬಳಸಿದ ಮೇಲೆ

ಕೈಬರಹದಂತೆ ಕಾಣುವ ಇಂಗ್ಲಿಷ್ ಫಾಂಟ್‌ಗಳು ಬೇಕಾದಷ್ಟಿವೆ. ಒಂದು ಪದಕ್ಕೆ ಎಲ್ಲವೂ ಚೆನ್ನ. ನಾಲ್ಕು ಸಾಲು ಬರೆದರೆ ಗುಟ್ಟು ರಟ್ಟಾಗುತ್ತದೆ. ಪ್ರತಿ ‘ಇ’, ಪ್ರತಿ ‘ಎಲ್’ ಅಚ್ಚೊತ್ತಿದ ಹಾಗೆ ಒಂದೇ ಥರ. ಯಾರ ಕೈಯೂ ಹಾಗೆ ಬರೆಯುವುದಿಲ್ಲ, ಅಲ್ವಾ? ಪಾಬ್ಲೊ ಇಂಪಲ್ಲಾರಿ ಮಾಡಿದ ಕ್ಯಾವಿಯಟ್‌ನಲ್ಲಿ ಅದೇ ಅಕ್ಷರ ಮತ್ತೆ ಬಂದಾಗ ಸ್ವಲ್ಪ ಆಕಾರ ಬದಲಿಸುತ್ತದೆ. ನಾನು ಇದಕ್ಕೆ ಮನಸೋತಿದ್ದು ಅಲ್ಲೇ.

ನಾನು ಬಿಡುವಿನಲ್ಲಿ ವಿವರಣೆಯ ಚಿತ್ರ, ಪೋಸ್ಟರ್ ಮಾಡುವವಳು. ಫಾಂಟ್‌ಗೆ ಅಂತ ದುಡ್ಡು ಎತ್ತಿಡಲು ಆಗುವುದಿಲ್ಲ. ಇದು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ, ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಪರವಾನಗಿಯಲ್ಲಿ ಸಿಗುತ್ತದೆ, ದುಡ್ಡು ಪಡೆದು ಮಾಡುವ ಕೆಲಸಕ್ಕೂ ಧೈರ್ಯವಾಗಿ ಬಳಸಬಹುದು.

ಚಿತ್ರ ಮುಗಿದ ಮೇಲಿನ ಹತ್ತು ನಿಮಿಷ ನನಗೆ ತುಂಬಾ ಇಷ್ಟ. ಪೆನ್ಸಿಲ್ಲಿನಂಥ ಬೂದು ಬಣ್ಣ ಆರಿಸುತ್ತೇನೆ. ಒಂದು ಬಾಣ ಎಳೆದು, ತುದಿಗೆ ಎರಡು ಮೂರು ಪದ ಹಾಕಿ, ಅದನ್ನು ಚೂರೇ ಚೂರು ಓರೆ ಮಾಡುತ್ತೇನೆ. ಯಾರೋ ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದ ಹಾಗಿರುತ್ತದೆ. ಉಳಿದ ಬರಹಕ್ಕೆ ಸಾದಾ ಫಾಂಟ್ ಇರಬೇಕು. ಆಗಲೇ ಕೈಬರಹಕ್ಕೆ ಬೆಲೆ.

ಇದನ್ನು ಕಲಿಯುವುದಕ್ಕೆ ಒಂದು ಪುಸ್ತಿಕೆ ಕೆಡಿಸಬೇಕಾಯಿತು. ಆಸೆಗೆ ಬಿದ್ದು ಹದಿನಾರು ಪುಟವನ್ನೂ ಇದರಲ್ಲೇ ಜೋಡಿಸಿದ್ದೆ. ಇದರ ಸಣ್ಣಕ್ಷರಗಳ ಮೈ ಗಿಡ್ಡ. ಬೇರೆ ಫಾಂಟ್‌ನಲ್ಲಿ 12 ಪಾಯಿಂಟ್ ಆರಾಮಾಗಿ ಓದಬಹುದು, ಇಲ್ಲಿ ಕಣ್ಣು ಕಿರಿದು ಮಾಡಬೇಕು. 16ಕ್ಕೆ ಏರಿಸಿದರೆ ಪುಟ ಜಾಸ್ತಿಯಾಯಿತು. ಶೀರ್ಷಿಕೆಗಳಿಗೆ ಪೂರ್ತಿ ಕ್ಯಾಪಿಟಲ್ ಅಕ್ಷರ ಹಾಕಿದ್ದು ಇನ್ನೊಂದು ತಪ್ಪು. ಸುಮ್ನೆ ಕಿರುಚಿದ ಹಾಗಿತ್ತು.

ಅದಕ್ಕಿಂತ ಹೊಟ್ಟೆ ಉರಿದಿದ್ದು ಪ್ರಿಂಟ್ ಕೈಗೆ ಬಂದಾಗ. ಎಲ್ಲ ‘ಎಲ್’ಗಳೂ ಒಂದೇ ಥರ! ನಾನು ಬಳಸಿದ ಸಾಫ್ಟ್‌ವೇರ್‌ನಲ್ಲಿ ‘ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್’ ಅನ್ನುವ ಆಯ್ಕೆ ಆಫ್ ಆಗಿತ್ತು. ಅಕ್ಷರ ಬದಲಾಗುವುದು ಅದರಿಂದಲೇ. ಯಾವ ಗುಣಕ್ಕಾಗಿ ಈ ಫಾಂಟ್ ಆರಿಸಿದ್ದೆನೋ ಅದೊಂದೇ ಕಾಣೆ. ಸ್ವಲ್ಪ ದಿನ ಇದರ ಸಹವಾಸವೇ ಬೇಡ ಅನ್ನಿಸಿತ್ತು.

ಮತ್ತೆ ಎಳೆದು ತಂದಿದ್ದು ಬಾಣಗಳೇ. ಬೇರೆ ಎರಡು ಮೂರು ಫಾಂಟ್ ಹಾಕಿ ನೋಡಿದೆ, ಯಾವುದೂ ಒಗ್ಗಲಿಲ್ಲ. ಈಗ 18 ಪಾಯಿಂಟ್‌ಗಿಂತ ಕೆಳಗೆ ಇಳಿಸುವುದಿಲ್ಲ. ಒಂದು ಸಾಲು ದಾಟುವುದಿಲ್ಲ. ಗಾಢ ಹಿನ್ನೆಲೆ ಇದ್ದರೆ ದಪ್ಪವನ್ನು ಸ್ವಲ್ಪ ಏರಿಸುತ್ತೇನೆ. ಇದು ವೇರಿಯಬಲ್ ಫಾಂಟ್, ಅಂದರೆ ದಪ್ಪವನ್ನು ಬೇಕಾದಷ್ಟಕ್ಕೆ ಹೊಂದಿಸಬಹುದಾದದ್ದು; ಹಾಗಾಗಿ 400 (ಸಾಮಾನ್ಯ ದಪ್ಪ) ಮತ್ತು 700ರ (ಬೋಲ್ಡ್) ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ದೊಡ್ಡ ಶೀರ್ಷಿಕೆಗೆ ಇದರದೇ ಜೊತೆಯ ಕ್ಯಾವಿಯಟ್ ಬ್ರಶ್ ಇದೆ.

ಕನ್ನಡ ಅಕ್ಷರ ಇದರಲ್ಲಿಲ್ಲ. ಇಂಗ್ಲಿಷ್ ಬರೆಯುವ ಲ್ಯಾಟಿನ್ ಮತ್ತು ರಷ್ಯನ್ ಬರೆಯುವ ಸಿರಿಲಿಕ್ ಲಿಪಿ ಅಷ್ಟೇ. ಎರಡು ಭಾಷೆಯ ಪೋಸ್ಟರ್ ಮಾಡುವಾಗ ಈ ಕೊರತೆ ಇವತ್ತಿಗೂ ನೋಯುತ್ತದೆ. ಇಂಗ್ಲಿಷ್ ಸಾಲು ನಗುತ್ತಾ ಮಾತಾಡುತ್ತಿರುತ್ತದೆ, ಪಕ್ಕದ ಕನ್ನಡ ಸಾಲು ಬಿಗಿಯಾಗಿ ನಿಂತಿರುತ್ತದೆ. ಅಂಥ ಕಡೆ ಕನ್ನಡವನ್ನು ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿ ಸೇರಿಸುತ್ತೇನೆ.

ಪಿಡಿಎಫ್ ಕಳಿಸುವ ಮುಂಚೆ ಈಗ ತಪ್ಪದೆ ಒಂದು ಕೆಲಸ ಮಾಡುತ್ತೇನೆ. ಜೋಡಿ ‘ಎಲ್’ ಇರುವ ಪದ ಹುಡುಕಿ, ದೊಡ್ಡದು ಮಾಡಿ ನೋಡುತ್ತೇನೆ. ಎರಡೂ ಬೇರೆ ಬೇರೆ ಇದ್ದರೆ ಮಾತ್ರ ಕಳಿಸುವುದು.