ಬೀಜಕ ರೂಪದ ಪ್ರೋಬಯಾಟಿಕ್‌ಗಳು: ಕೊಳ್ಳುವ ಮುನ್ನ ಚೀಟಿಯಲ್ಲಿ ನೋಡಬೇಕಾದದ್ದು

ಜೀರ್ಣಾಂಗಗಳ ಆರೋಗ್ಯಕ್ಕೆಂದು ಮಾರುವ ಪ್ರೋಬಯಾಟಿಕ್‌ಗಳಲ್ಲಿ, ಅಂದರೆ ಉಪಕಾರಿ ಎನ್ನಲಾದ ಜೀವಂತ ಸೂಕ್ಷ್ಮಜೀವಿಗಳಲ್ಲಿ, ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂಗಳಂಥ ನಾಜೂಕಿನ ಜೀವಿಗಳದ್ದು ಒಂದು ಬಗೆಯಾದರೆ, ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳನ್ನು ಬೀಜಕಗಳ, ಅಂದರೆ ಸ್ಪೋರ್‌ಗಳ ರೂಪದಲ್ಲಿ ತುಂಬಿ ಕೊಡುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯನ್ನು ನಾನು ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದಾಗ ದ್ರವರೂಪದಲ್ಲಿಯೂ, ಮುಂದೆ ಹೊಟ್ಟೆಯುಬ್ಬರಕ್ಕೆಂದು ಕ್ಯಾಪ್ಸೂಲ್ ರೂಪದಲ್ಲಿಯೂ ಬಳಸಿದ್ದೇನೆ. ಬೀಜಕಗಳು ಕರುಳನ್ನು ಜೀವಂತವಾಗಿ ತಲುಪುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಲುಪುವುದು ಬೇರೆ, ತಲುಪಿದ ಮೇಲೆ ಗುಣ ಕೊಡುವುದು ಬೇರೆ. ಜಾಹೀರಾತುಗಳು ಮೊದಲನೆಯದನ್ನು ತೋರಿಸಿ ಎರಡನೆಯದನ್ನೂ ನಂಬಿಸಲು ನೋಡುತ್ತವೆ.

ತಲುಪುವ ಶಕ್ತಿ ನಿಜವಾದದ್ದೇ. ಆಹಾರ ಮುಗಿಯುತ್ತಾ ಬಂದಾಗ ಈ ಬ್ಯಾಕ್ಟೀರಿಯಾ ತನ್ನ ಡಿಎನ್ಎಯನ್ನು ಹಲವು ಪದರಗಳ ಕವಚದೊಳಗೆ ಮುಚ್ಚಿ, ಒಳಗಿನ ನೀರನ್ನು ಬಹುಮಟ್ಟಿಗೆ ಹೊರಹಾಕಿ, ಕ್ಯಾಲ್ಸಿಯಂ ಮತ್ತು ಡೈಪಿಕೊಲಿನಿಕ್ ಆಮ್ಲವನ್ನು ತುಂಬಿಕೊಂಡು ನಿಶ್ಚಲವಾಗಿಬಿಡುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನ ಬೀಜಕಗಳು ಕುದಿಯುವ ಶಾಖವನ್ನೂ ತಾಳುತ್ತವೆ ಎಂಬುದನ್ನು ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ 1876ರ ಹೊತ್ತಿಗೇ ತೋರಿಸಿದ್ದರು. ಇಂಥ ಬೀಜಕಕ್ಕೆ ಜಠರದ ಆಮ್ಲವಾಗಲಿ ಪಿತ್ತರಸವಾಗಲಿ ದೊಡ್ಡ ಅಡ್ಡಿಯಲ್ಲ. ಸಣ್ಣ ಕರುಳಿನಲ್ಲಿ ಪೋಷಕಾಂಶ ಸಿಕ್ಕಾಗ ಅದು ಮೊಳೆತು ಮತ್ತೆ ಬ್ಯಾಕ್ಟೀರಿಯಾ ಆಗಬಲ್ಲದು. ಫ್ರಿಜ್ಜಿನ ಹಂಗಿಲ್ಲದೆ ಚೀಲದಲ್ಲಿಟ್ಟುಕೊಂಡು ಓಡಾಡಬಹುದಾದ ಅನುಕೂಲವೂ ಇದರಿಂದಲೇ ಬಂದದ್ದು.

ನಾನು ಬಳಸಿದ ದ್ರವರೂಪದ್ದು ಎಂಟೆರೊಜರ್ಮಿನಾ. ಇಟಲಿಯಲ್ಲಿ 1958ರಿಂದ ಬಳಕೆಯಲ್ಲಿರುವ ಈ ಔಷಧದ 5 ಮಿಲಿಲೀಟರಿನ ಪುಟ್ಟ ಪ್ಲಾಸ್ಟಿಕ್ ಸೀಸೆಯಲ್ಲಿ ಬ್ಯಾಸಿಲಸ್ ಕ್ಲಾಸಿಯ 200 ಕೋಟಿ ಬೀಜಕಗಳಿರುತ್ತವೆ. ಬೆಳಕಿಗೆ ಹಿಡಿದು ನೋಡಿದರೆ ತೆಳ್ಳಗೆ ಮಸುಕಾದ ನೀರಿನಂತೆ ಕಾಣುತ್ತದೆ, ಒಮ್ಮೊಮ್ಮೆ ಸಣ್ಣ ಕಣಗಳೂ ತೇಲುತ್ತಿರುತ್ತವೆ. ಅದು ಕೆಟ್ಟಿರುವುದರ ಲಕ್ಷಣವಲ್ಲ, ಬೀಜಕಗಳು ಒಟ್ಟುಗೂಡಿ ಆದ ಕಣಗಳಷ್ಟೇ. ಚೆನ್ನಾಗಿ ಕುಲುಕಿ, ತುದಿಯನ್ನು ತಿರುಚಿ ಮುರಿದು ಕುಡಿಯಬೇಕು. ಹೇಳಿಕೊಳ್ಳುವಂಥ ರುಚಿಯಾಗಲಿ ವಾಸನೆಯಾಗಲಿ ಇಲ್ಲದ್ದರಿಂದ ಮಕ್ಕಳಿಗೂ ಕುಡಿಸುವುದು ಕಷ್ಟವಾಗದು. ಇದರಲ್ಲಿರುವ ತಳಿಗಳು, ಅಂದರೆ ಒಂದೇ ಜಾತಿಯ ಬ್ಯಾಕ್ಟೀರಿಯಾದ ಬೇರೆಬೇರೆ ಒಳಬಗೆಗಳು, ಹಲವು ಆಂಟಿಬಯಾಟಿಕ್‌ಗಳನ್ನು ತಡೆದುಕೊಳ್ಳುತ್ತವೆಯಾದ್ದರಿಂದ ಆಂಟಿಬಯಾಟಿಕ್‌ನ ಎರಡು ಡೋಸ್‌ಗಳ ನಡುವೆ ಇದನ್ನು ತೆಗೆದುಕೊಳ್ಳುವ ಕ್ರಮವಿದೆ. ನನಗೆ ಆ ಸಲ ಭೇದಿಯಾಗಲಿಲ್ಲ. ಆ ಶ್ರೇಯಸ್ಸನ್ನೆಲ್ಲ ಸೀಸೆಗೇ ಕೊಡಲು ಮಾತ್ರ ನಾನು ಸಿದ್ಧನಿಲ್ಲ, ಏಕೆಂದರೆ ಆಂಟಿಬಯಾಟಿಕ್ ತೆಗೆದುಕೊಂಡವರಿಗೆಲ್ಲ ಭೇದಿಯಾಗುವುದಿಲ್ಲ.

ಕ್ಯಾಪ್ಸೂಲಿನ ಅನುಭವ ಅಷ್ಟು ತೃಪ್ತಿಕರವಾಗಿರಲಿಲ್ಲ. ಮೊದಲ ಕೆಲವು ದಿನ ವಾಯು ಹೆಚ್ಚಾಯಿತು, ಬಳಿಕ ಉಬ್ಬರ ಸ್ವಲ್ಪ ತಗ್ಗಿತು, ನಿಲ್ಲಿಸಿದ ಮೇಲೆ ಮೊದಲಿನಂತೆಯೇ ಆಯಿತು. ಈ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಶಾಶ್ವತವಾಗಿ ನೆಲೆಸುವಂಥವಲ್ಲ, ಸೇವನೆ ನಿಂತ ಮೇಲೆ ಕ್ರಮೇಣ ಹೊರಹೋಗುತ್ತವೆ. ನನ್ನ ನಿಜವಾದ ಅಸಮಾಧಾನವಿರುವುದು ಡಬ್ಬಿಯ ಚೀಟಿಯ ಮೇಲೆ. ಬ್ಯಾಸಿಲಸ್ ಕೊಯಾಗುಲನ್ಸ್ ಎಂದು ಬರೆದವರು ಯಾವ ತಳಿ ಎಂಬುದನ್ನು ಹೇಳಿರಲಿಲ್ಲ, ನಮೂದಿಸಿದ್ದ ಬೀಜಕಗಳ ಸಂಖ್ಯೆ ತಯಾರಿಕೆಯ ದಿನದ್ದೋ ಅವಧಿ ಮುಗಿಯುವ ದಿನದ್ದೋ ಎಂಬುದೂ ತಿಳಿಯುವಂತಿರಲಿಲ್ಲ. ಒಂದು ತಳಿಯ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದು ತಳಿಗೆ ಆರೋಪಿಸುವಂತಿಲ್ಲವಾದ್ದರಿಂದ, ತಳಿಯ ಹೆಸರಿಲ್ಲದ ಡಬ್ಬಿಯನ್ನು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಕೆಲವು ಚೀಟಿಗಳಲ್ಲಿ ಇದೇ ಜೀವಿಗೆ ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೀನ್ಸ್ ಎಂಬ ಹಳೆಯ ಹೆಸರೂ ಇರುತ್ತದೆ. ಅದನ್ನು ಬೇರೊಂದು ಬ್ಯಾಕ್ಟೀರಿಯಾ ಎಂದು ಎಣಿಸಬೇಕಾಗಿಲ್ಲ.

ತಳಿ ಗೊತ್ತಿದ್ದರೆ ಪುರಾವೆಯನ್ನು ಹುಡುಕಬಹುದು. ಕೊಯಾಗುಲನ್ಸ್‌ನ ಎಂಟಿಸಿಸಿ 5856 ತಳಿಯನ್ನು ದಿನಕ್ಕೆ 200 ಕೋಟಿ ಬೀಜಕಗಳಂತೆ 90 ದಿನ ಕೊಟ್ಟು, ಭೇದಿ ಪ್ರಧಾನವಾದ ಐಬಿಎಸ್ (ಹೊಟ್ಟೆನೋವು, ಉಬ್ಬರ, ಮಲವಿಸರ್ಜನೆಯ ಏರುಪೇರು ಮರುಕಳಿಸುತ್ತಿರುವ ಕರುಳಿನ ತೊಂದರೆ) ಇದ್ದವರಲ್ಲಿ ಉಬ್ಬರ, ನೋವು ಮತ್ತು ಭೇದಿ ಕಡಿಮೆಯಾದುದನ್ನು 2016ರ ಒಂದು ಅಧ್ಯಯನ ದಾಖಲಿಸಿದೆ. ಆದರೆ ಅದರಲ್ಲಿದ್ದವರು 36 ರೋಗಿಗಳು ಮಾತ್ರ, ನಡೆಸಿದವರು ಆ ತಳಿಯನ್ನು ತಯಾರಿಸುವ ಸಂಸ್ಥೆಯವರೇ. ಮಕ್ಕಳ ತೀವ್ರ ಭೇದಿಯಲ್ಲಿ ಕ್ಲಾಸಿ ಬಳಸಿದ 6 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2018ರ ವಿಶ್ಲೇಷಣೆಯಲ್ಲಿ ಭೇದಿಯ ಅವಧಿ ಸರಾಸರಿ 9 ಗಂಟೆಗಳಷ್ಟು ತಗ್ಗಿತ್ತು. ಇದು ಅಲ್ಲಗಳೆಯುವಂಥ ಲಾಭವಲ್ಲ, ಓಆರ್‌ಎಸ್ ಬಿಟ್ಟು ಇದನ್ನೇ ನೆಚ್ಚಿಕೊಳ್ಳುವಷ್ಟು ದೊಡ್ಡದೂ ಅಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘವಾದ ಅಮೆರಿಕನ್ ಗ್ಯಾಸ್ಟ್ರೋಎಂಟರಾಲಾಜಿಕಲ್ ಅಸೋಸಿಯೇಷನ್ ತನ್ನ 2020ರ ಮಾರ್ಗಸೂಚಿಯಲ್ಲಿ ಐಬಿಎಸ್‌ಗೆ ಪ್ರೋಬಯಾಟಿಕ್‌ಗಳನ್ನು ವೈದ್ಯಕೀಯ ಪ್ರಯೋಗದ ಚೌಕಟ್ಟಿನಲ್ಲಷ್ಟೇ ಬಳಸಬೇಕೆಂದು ಸೂಚಿಸಿತು.

ಹೀಗಾಗಿ ಅಲ್ಪಕಾಲದ ಬಳಕೆಗೆ ತಳಿ ನಮೂದಾಗಿರುವ ಸೀಸೆಯನ್ನು ನಾನು ಮತ್ತೆ ಕೊಳ್ಳುತ್ತೇನೆ; ತಿಂಗಳುಗಟ್ಟಲೆ ನುಂಗಬೇಕೆನ್ನುವ, ಐದಾರು ಬ್ಯಾಕ್ಟೀರಿಯಾಗಳನ್ನು ಕಲಸಿದ ಡಬ್ಬಿಯನ್ನು ಕೊಳ್ಳುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಮತ್ತು ಗಂಭೀರ ಕಾಯಿಲೆಯವರಲ್ಲಿ ಕ್ಲಾಸಿ ರಕ್ತಕ್ಕೆ ಸೇರಿ ಸೋಂಕಾದ ಪ್ರಕರಣಗಳು ವರದಿಯಾಗಿರುವುದರಿಂದ ಅಂಥವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇವುಗಳಲ್ಲಿ ಯಾವುದಿದ್ದರೂ ಪ್ರೋಬಯಾಟಿಕ್ ನುಂಗುತ್ತಾ ದಿನ ದೂಡದೆ ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು.