ಮನೆಯ ಫೋಟೊ ಗ್ಯಾಲರಿಗೆ ಅಪಾಚೆಯ ಪಾಸ್‌ವರ್ಡ್: ಐದು ವರ್ಷಗಳ ಬಳಕೆಯ ನಂತರ

ನಮ್ಮ ಕುಟುಂಬದ ಫೋಟೊಗಳನ್ನು ಐದು ವರ್ಷಗಳಿಂದ ನಮ್ಮದೇ ಡೊಮೇನ್‌ನಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಅಜ್ಜಿಯ ಕಾಲದ ಕಪ್ಪು-ಬಿಳುಪು ಚಿತ್ರಗಳ ಸ್ಕ್ಯಾನ್‌ಗಳಿಂದ ಹಿಡಿದು ಕಳೆದ ವರ್ಷದ ಉಪನಯನದವರೆಗೆ ಸುಮಾರು 2,300 ಚಿತ್ರಗಳು ಅಲ್ಲಿವೆ. ಸಿಗಲ್ ಎಂಬ ಪೈಥಾನ್ ತಂತ್ರಾಂಶವು ಫೋಲ್ಡರ್‌ಗಳಲ್ಲಿರುವ ಚಿತ್ರಗಳನ್ನು ಓದಿ, ಎಚ್‌ಟಿಎಂಎಲ್ ಪುಟಗಳನ್ನೂ ಥಂಬ್‌ನೇಲ್‌ಗಳನ್ನೂ ಸಿದ್ಧಪಡಿಸಿ ಕೊಡುತ್ತದೆ; ನಾನು ಅವನ್ನು ಸರ್ವರ್‌ಗೆ ಏರಿಸುತ್ತೇನೆ, ಅಷ್ಟೇ. ಡೇಟಾಬೇಸ್ ಇಲ್ಲ, ಲಾಗಿನ್ ಪುಟ ಇಲ್ಲ. ಹೀಗಾಗಿ ಪಾಸ್‌ವರ್ಡ್ ಕೇಳುವ ಕೆಲಸವನ್ನು ಸರ್ವರ್‌ಗೇ, ಅಂದರೆ ಪುಟಗಳನ್ನು ನೋಡುಗರಿಗೆ ಕಳಿಸುವ ಅಪಾಚೆ ಎಂಬ ತಂತ್ರಾಂಶಕ್ಕೇ, ವಹಿಸಬೇಕಾಯಿತು. ಮಕ್ಕಳ ಸ್ನಾನದ ಚಿತ್ರಗಳೂ ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ದೊಡ್ಡಪ್ಪನ ಚಿತ್ರಗಳೂ ಅದರಲ್ಲಿ ಇರುವುದರಿಂದ, ಬೀಗವಿಲ್ಲದೆ ಅದನ್ನು ಒಂದು ದಿನವೂ ಇಡಲು ನನಗೆ ಮನಸ್ಸಿರಲಿಲ್ಲ.

ಮೊದಲು ನೋಡಿದ್ದು ಸ್ಟ್ಯಾಟಿಕ್ರಿಪ್ಟ್. ಅದು ಎಚ್‌ಟಿಎಂಎಲ್ ಪುಟವನ್ನು ಎಇಎಸ್-256 ವಿಧಾನದಲ್ಲಿ ನಿಜವಾಗಿಯೂ ಗೂಢಲಿಪಿಗೆ ತಿರುಗಿಸುತ್ತದೆ. ಆದರೆ ಆ ಪುಟ ತೋರಿಸುವ ಚಿತ್ರಗಳು ಬೇರೆ ಕಡತಗಳಾಗಿದ್ದರೆ ಅವು ಇದ್ದ ಹಾಗೆಯೇ ಇರುತ್ತವೆ, ಮತ್ತು ಚಿತ್ರದ ವಿಳಾಸ ಗೊತ್ತಿರುವ ಯಾರೇ ಆದರೂ ಅದನ್ನು ನೇರವಾಗಿ ತೆರೆಯಬಹುದು. ಫೋಟೊ ಗ್ಯಾಲರಿಯಲ್ಲಿ ಕಾಪಾಡಬೇಕಾದದ್ದೇ ಫೋಟೊ; ಪುಟಕ್ಕೆ ಮಾತ್ರ ಬೀಗ ಹಾಕಿದರೆ ಮುಂಬಾಗಿಲು ಮುಚ್ಚಿ ಹಿತ್ತಲ ಬಾಗಿಲನ್ನು ತೆರೆದಿಟ್ಟ ಹಾಗೆ.

ಆದುದರಿಂದ ಹಳೆಯ ವಿಧಾನಕ್ಕೇ ಬಂದೆ. ಬ್ರೌಸರ್ ಮತ್ತು ಸರ್ವರ್ ಮಾತನಾಡಿಕೊಳ್ಳುವ ನಿಯಮಗಳಾದ ಎಚ್‌ಟಿಟಿಪಿ 1.0ರ 1996ರಲ್ಲಿ ಪ್ರಕಟವಾದ ವಿವರಣೆಯಲ್ಲೇ ಇದ್ದ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ‘ಬೇಸಿಕ್’ ದೃಢೀಕರಣವನ್ನು ಅಪಾಚೆ ಸರ್ವರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ‘ಎಚ್‌ಟಿಆಕ್ಸೆಸ್’ ಎಂಬ ಪುಟ್ಟ ಕಡತದ ಮೂಲಕ ಜಾರಿಗೆ ತರಬಹುದು. ಬೇಕಾದದ್ದು ನಾಲ್ಕು ಸಾಲು: ದೃಢೀಕರಣದ ಬಗೆ, ಅದಕ್ಕೊಂದು ಹೆಸರು, ಪಾಸ್‌ವರ್ಡ್ ಕಡತ ಎಲ್ಲಿದೆ ಎಂಬ ವಿಳಾಸ, ಮತ್ತು ಆ ಕಡತದಲ್ಲಿ ಹೆಸರಿರುವವರನ್ನು ಮಾತ್ರ ಒಳಗೆ ಬಿಡು ಎನ್ನುವ ‘ರಿಕ್ವೈರ್ ವ್ಯಾಲಿಡ್-ಯೂಸರ್’. ಅದನ್ನು ಗ್ಯಾಲರಿಯ ಮೇಲಿನ ಫೋಲ್ಡರ್‌ನಲ್ಲಿಟ್ಟರೆ ಒಳಗಿನ ಎಲ್ಲ ಫೋಲ್ಡರ್‌ಗಳಿಗೂ, ಒಂದೊಂದು ಚಿತ್ರಕ್ಕೂ ಅನ್ವಯಿಸುತ್ತದೆ. ಪಾಸ್‌ವರ್ಡ್ ಕಡತವನ್ನು ಮಾತ್ರ ವೆಬ್‌ಗೆ ಕಾಣುವ ಫೋಲ್ಡರ್‌ನ ಹೊರಗೆ ಇಡಬೇಕು. ಬ್ರೌಸರ್ ಪ್ರತಿ ಕೋರಿಕೆಯ ಜೊತೆಗೂ ಹೆಸರು ಮತ್ತು ಪಾಸ್‌ವರ್ಡನ್ನು ಬೇಸ್64 ರೂಪದಲ್ಲಿ ಕಳಿಸುತ್ತದೆ. ಅದು ಗೂಢಲಿಪಿಯಲ್ಲ, ಯಾರು ಬೇಕಾದರೂ ಬಿಡಿಸಿ ಓದಬಹುದಾದದ್ದು. ಸಂಪರ್ಕವನ್ನೇ ಗೂಢಲಿಪಿಗೆ ತಿರುಗಿಸುವ ಎಚ್‌ಟಿಟಿಪಿಎಸ್ ಇಲ್ಲದೆ ಈ ವಿಧಾನವನ್ನು ಬಳಸಲೇಬಾರದು.

ಬಳಕೆಯಲ್ಲಿ ಎದುರಾದ ತೊಡಕುಗಳು ಬಹುಪಾಲು ನೆಂಟರ ಫೋನುಗಳಲ್ಲಿದ್ದವು. ದೊಡ್ಡಮ್ಮ ಸರಿಯಾದ ಹೆಸರನ್ನೇ ಹಾಕಿದರೂ ಹೆಸರು-ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಮತ್ತೆ ಮತ್ತೆ ಏಳುತ್ತಿತ್ತು. ಪಕ್ಕದಲ್ಲಿ ಕುಳಿತು ನೋಡಿದಾಗ ಕಾರಣ ತಿಳಿಯಿತು: ಅವರು ಮೊದಲ ಮೂರು ಅಕ್ಷರ ಒತ್ತಿ, ಕೀಬೋರ್ಡ್ ಮೇಲೆ ಮೂಡುವ ಸಲಹೆಯ ಪದವನ್ನು ಆರಿಸುತ್ತಿದ್ದರು, ಕೀಬೋರ್ಡ್ ಆ ಪದದ ಕೊನೆಗೊಂದು ಖಾಲಿ ಜಾಗವನ್ನು ಸೇರಿಸುತ್ತಿತ್ತು. ಕಣ್ಣಿಗೆ ಕಾಣದ ಆ ಜಾಗವೂ ಹೆಸರಿನ ಭಾಗವೆಂದೇ ಲೆಕ್ಕ. ಇನ್ನೊಂದು, ಕೆಲವು ಆ್ಯಪ್‌ಗಳ ಒಳಗೇ ತೆರೆದುಕೊಳ್ಳುವ ಬ್ರೌಸರ್‌ಗಳು ಪಾಸ್‌ವರ್ಡ್ ಪೆಟ್ಟಿಗೆಯನ್ನೇ ತೋರಿಸದೆ 401, ಅಂದರೆ ಪ್ರವೇಶಕ್ಕೆ ದೃಢೀಕರಣ ಬೇಕು, ಎಂಬ ದೋಷವನ್ನು ಮುಂದಿಡುತ್ತವೆ. ‘ಲಿಂಕನ್ನು ಕ್ರೋಮ್‌ನಲ್ಲಿ ತೆರೆಯಿರಿ’ ಎಂಬ ಸಾಲನ್ನು ಈಗ ಪ್ರತಿ ಸಂದೇಶಕ್ಕೂ ಸೇರಿಸುತ್ತೇನೆ. ಲಾಗ್‌ಔಟ್ ಗುಂಡಿಯೂ ಇಲ್ಲ. ಬ್ರೌಸರನ್ನು ಪೂರ್ತಿ ಮುಚ್ಚುವವರೆಗೆ ಗ್ಯಾಲರಿ ತೆರೆದೇ ಇರುತ್ತದೆ, ಆದ್ದರಿಂದ ಸೈಬರ್ ಕೆಫೆಯಲ್ಲಿ ನೋಡಬೇಡಿ ಎಂದು ಎಲ್ಲರಿಗೂ ಹೇಳಿದ್ದೇನೆ.

ಎರಡನೆಯ ವರ್ಷ, ಚಿಕ್ಕಪ್ಪನ ಹೆಸರನ್ನು ಸೇರಿಸುವಾಗ, ಪಾಸ್‌ವರ್ಡ್ ಕಡತವನ್ನು ಬರೆಯುವ ‘ಎಚ್‌ಟಿಪಾಸ್‌ವರ್ಡ್’ (htpasswd) ಆಜ್ಞೆಗೆ ‘ಸಿ’ ಆಯ್ಕೆಯನ್ನು ಕೊಟ್ಟುಬಿಟ್ಟೆ. ಅದು ಹೊಸ ಕಡತವನ್ನು ರಚಿಸಲು ಇರುವ ಆಯ್ಕೆ. ಹಳೆಯ ಕಡತ ಇದ್ದರೆ ಅದನ್ನು ಅಳಿಸಿ ಬರೆಯುತ್ತದೆ. ಹದಿನಾಲ್ಕು ಜನರ ಪ್ರವೇಶ ಒಂದೇ ಏಟಿಗೆ ಹೋಯಿತು. ಅಂದಿನಿಂದ ಆ ಕಡತದ ಒಂದು ನಕಲನ್ನು ಮನೆಯ ಕಂಪ್ಯೂಟರ್‌ನಲ್ಲೂ ಇಟ್ಟಿದ್ದೇನೆ, ಮತ್ತು ಹೊಸ ಹೆಸರುಗಳನ್ನು, ಪಾಸ್‌ವರ್ಡನ್ನು ಸುಲಭವಾಗಿ ಊಹಿಸಲಾಗದ ರೂಪದಲ್ಲಿ ಬರೆದಿಡುವ ಬಿಕ್ರಿಪ್ಟ್ ವಿಧಾನದಲ್ಲೇ ಸೇರಿಸುತ್ತೇನೆ.

ಇವೆಲ್ಲವನ್ನೂ ಸಹಿಸಿಕೊಳ್ಳಬಹುದು. ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಮೂರನೆಯ ವರ್ಷದ ಘಟನೆ. ನಮ್ಮ ಹೋಸ್ಟಿಂಗ್ ಕಂಪನಿಯವರು ವೇಗ ಹೆಚ್ಚಿಸುವ ಸಲುವಾಗಿ ಅಪಾಚೆಯ ಮುಂದೆ ಎಂಜಿನ್‌ಎಕ್ಸ್ ಸರ್ವರನ್ನು ನಿಲ್ಲಿಸಿದರು. ಪುಟಗಳ ಕೋರಿಕೆ ಎಂದಿನಂತೆ ಅಪಾಚೆಗೆ ಹೋಗುತ್ತಿತ್ತು, ಪಾಸ್‌ವರ್ಡ್ ಪೆಟ್ಟಿಗೆಯೂ ಏಳುತ್ತಿತ್ತು. ಆದರೆ ಜೆಪಿಜಿ ಚಿತ್ರಗಳನ್ನು ಎಂಜಿನ್‌ಎಕ್ಸ್ ತಾನೇ ನೇರವಾಗಿ ಕೊಡತೊಡಗಿತ್ತು, ಮತ್ತು ಎಂಜಿನ್‌ಎಕ್ಸ್ ‘ಎಚ್‌ಟಿಆಕ್ಸೆಸ್’ ಕಡತವನ್ನು ಓದುವುದೇ ಇಲ್ಲ. ಹಳೆಯ ಇ-ಮೇಲ್ ಒಂದರಲ್ಲಿದ್ದ ಅಜ್ಜಿಯ ಚಿತ್ರದ ಲಿಂಕನ್ನು ಕಚೇರಿಯ ಕಂಪ್ಯೂಟರ್‌ನಲ್ಲಿ ಒತ್ತಿದಾಗ, ಏನೂ ಕೇಳದೆ ಅಜ್ಜಿ ಪರದೆಯ ತುಂಬ ಬಂದು ನಿಂತರು. ಸಂತೋಷಪಡಬೇಕಾದ ಮುಖವನ್ನು ಕಂಡು ನನ್ನ ಕೈ ತಣ್ಣಗಾಯಿತು. ಲಾಗ್ ತೆರೆದು ನೋಡಿದರೆ, ಚಿತ್ರಗಳ ಸಾಲುಗಳಲ್ಲಿ ಬಳಕೆದಾರರ ಹೆಸರು ಇರಬೇಕಾದ ಜಾಗದಲ್ಲಿ ಬರೀ ಒಂದು ಗೆರೆ, ಅಂದರೆ ಯಾರ ಹೆಸರನ್ನೂ ಕೇಳಿರಲಿಲ್ಲ. ಕಂಪನಿಗೆ ಬರೆದ ಎರಡನೆಯ ಪತ್ರದ ನಂತರ, ನಮ್ಮ ಡೊಮೇನ್‌ಗೆ ಸಂಬಂಧಿಸಿದಂತೆ ಚಿತ್ರಗಳನ್ನೂ ಅಪಾಚೆಯ ಮೂಲಕವೇ ಕಳಿಸುವಂತೆ ಬದಲಾಯಿಸಿದರು. ಮುನ್ಸೂಚನೆ ಕೊಡದೆ ಇಂಥ ಬದಲಾವಣೆ ಮಾಡಿದ್ದು ತಪ್ಪೆಂದೇ ನಾನು ಇಂದಿಗೂ ಭಾವಿಸುತ್ತೇನೆ.

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಖಾಸಗಿ ವಿಂಡೊ ತೆರೆದು, ಗ್ಯಾಲರಿಯ ಪುಟವನ್ನಲ್ಲ, ಒಂದು ಚಿತ್ರದ, ಒಂದು ಥಂಬ್‌ನೇಲ್‌ನ, ಒಂದು ವೀಡಿಯೊದ ನೇರ ವಿಳಾಸವನ್ನು ಹಾಕಿ ನೋಡುತ್ತೇನೆ. ಮೂರಕ್ಕೂ ಪಾಸ್‌ವರ್ಡ್ ಕೇಳಿದರೆ ಮಾತ್ರ ಬೀಗ ಇದೆ ಎಂದರ್ಥ. ಏರಿಸುವ ಮುನ್ನ ಎಕ್ಸಿಫ್‌ಟೂಲ್ ಬಳಸಿ ಚಿತ್ರಗಳೊಳಗಿನ ಜಿಪಿಎಸ್ ಮಾಹಿತಿಯನ್ನೂ ಅಳಿಸುತ್ತೇನೆ, ಮುಂದೊಮ್ಮೆ ಬೀಗ ಸಡಿಲವಾದರೂ ಮನೆಯ ವಿಳಾಸ ಹೊರಗೆ ಹೋಗಬಾರದೆಂದು.

ಅಪಾಚೆ ಇರುವ ಹೋಸ್ಟಿಂಗ್ ನಿಮ್ಮಲ್ಲಿದ್ದರೆ ಈ ವಿಧಾನವನ್ನು ಧೈರ್ಯವಾಗಿ ಬಳಸಿ. ಹೆಚ್ಚಿನ ಖರ್ಚಿಲ್ಲ, ಗ್ಯಾಲರಿಯ ಪುಟಗಳಲ್ಲಿ ಒಂದಕ್ಷರವನ್ನೂ ಬದಲಾಯಿಸಬೇಕಿಲ್ಲ. ಸಿದ್ಧ ಪುಟಗಳನ್ನಷ್ಟೇ ಇಟ್ಟುಕೊಡುವ ಗಿಟ್‌ಹಬ್ ಪೇಜಸ್‌ನಂಥ ಕಡೆ ‘ಎಚ್‌ಟಿಆಕ್ಸೆಸ್’ ನಡೆಯುವುದಿಲ್ಲ. ಅಲ್ಲಿರುವವರು ಸಿಗಲ್‌ನ ಜೊತೆಗೇ ಬರುವ, ಚಿತ್ರದ ಕಡತಗಳನ್ನೇ ಗೂಢಲಿಪಿಗೆ ತಿರುಗಿಸುವ ‘ಎನ್‌ಕ್ರಿಪ್ಟ್’ ಪ್ಲಗಿನ್ ಅನ್ನು ನೋಡುವುದು ಒಳ್ಳೆಯದು.